ಮೂರನೇ ಲೆವೆಲ್ಲಿನ ನಂತರದ ಹಾಳೆಗಳು

ಮೇಜಿನ ಸುತ್ತ ನಾಲ್ಕು ಜನ ಕೂತು, ಅವರಲ್ಲಿ ಒಬ್ಬನ ಕೈಗೆ ನಿಯಮದ ಪುಸ್ತಕ ಕೊಟ್ಟರೆ ಸಾಕು, ಉಳಿದ ಮೂವರಿಗೆ ಅವನ ಮೇಲೆ ಅನುಮಾನ ಶುರುವಾಗುತ್ತದೆ. ಇದು ಎಲ್ಲ ಕಡೆ ನಡೆಯುವುದೇ. ನಮ್ಮಲ್ಲಿ ವರ್ಷಗಟ್ಟಲೆ ನಡೆಯಿತು, ಪ್ರತಿ ಭಾನುವಾರ, ಊಟವಾದ ಮೇಲೆ ಮೂರು ಗಂಟೆಯಿಂದ ಆರರವರೆಗೆ. ಪುಸ್ತಕ ನನ್ನ ಕೈಯಲ್ಲಿತ್ತು, ಅನುಮಾನ ಅವರ ಪಾಲಿಗಿತ್ತು. ಆ ಅನುಮಾನದಲ್ಲಿ ಹುರುಳಿತ್ತು ಅನ್ನುವುದು ಮಾತ್ರ ನನಗೊಬ್ಬನಿಗೇ ಗೊತ್ತಿತ್ತು.

ನಾನು ಚಾಮರಾಜಪೇಟೆಯ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ನೋಡುವವನು. ಅಂದರೆ ಅನುಮಾನ ಪಡುವುದಕ್ಕೇ ನನಗೆ ಸಂಬಳ. ಮದುವೆಪತ್ರಿಕೆಯಲ್ಲಿ ವರನ ಹೆಸರು ಸರಿಯಾಗಿದ್ದರೂ ಹೆಣ್ಣಿನ ಮನೆಗೆ ಫೋನು ಮಾಡಿ ಇದೇ ಹುಡುಗನಾ ಎಂದು ಕೇಳಿದವನು ನಾನು. ಅಂಥವನನ್ನೇ ಮೂರು ಜನ ವರ್ಷಗಟ್ಟಲೆ ಸಂಶಯದಿಂದ ನೋಡಿದರೆ ಹೇಗಿರುತ್ತದೆ ಅನ್ನುವುದನ್ನು ಇಲ್ಲಿ ಹೇಳುತ್ತೇನೆ.

ಡಿಕಾಕ್ಷನ್

ತೊಂಬತ್ತರ ದಶಕದ ನಡುವಿನಲ್ಲಿ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಒಂದು ಹಳೇ ಇಂಗ್ಲಿಷ್ ಪುಸ್ತಕ ಕೊಂಡೆ. ಅದರ ಜೊತೆಗೆ ಒಂದು ಬಟ್ಟೆಚೀಲ, ಅದರಲ್ಲಿ ಇಪ್ಪತ್ತು ಮುಖದ ಎರಡು ದಾಳ. ಮೇಜಿನ ಮುಂದೆ ಕೂತು ಆಡುವ ಆಟದ ಪುಸ್ತಕ ಅದು. ಆಡುವವರು ಒಬ್ಬೊಬ್ಬರೂ ಒಂದೊಂದು ಪಾತ್ರ ಆಗುತ್ತಾರೆ, ಒಬ್ಬ ಯೋಧ, ಒಬ್ಬ ಮಂತ್ರವಾದಿ, ಒಬ್ಬ ಕಳ್ಳ, ಹೀಗೆ. ಇನ್ನೊಬ್ಬ ಕತೆ ಹೇಳುತ್ತಾ ಆಟ ನಡೆಸುತ್ತಾನೆ. ಎದುರಿಗೆ ಗುಹೆ ಇದೆ, ಒಳಗೆ ರಾಕ್ಷಸನಿದ್ದಾನೆ, ಏನು ಮಾಡುತ್ತೀರಿ ಎಂದು ಕೇಳುತ್ತಾನೆ. ಅವರು ದಾಳ ಹಾಕುತ್ತಾರೆ. ರಾಕ್ಷಸ ಸತ್ತರೆ ಅನುಭವದ ಅಂಕ ಸಿಗುತ್ತದೆ. ಅಂಕ ಸೇರಿದರೆ ಲೆವೆಲ್ ಏರುತ್ತದೆ, ಲೆವೆಲ್ ಏರಿದರೆ ಬಲ ಹೆಚ್ಚುತ್ತದೆ. ಯಾರಿಗೆ ಯಾವ ಲೆವೆಲ್ಲಿನಲ್ಲಿ ಎಷ್ಟು ಬಲ ಹೆಚ್ಚಬೇಕು ಅನ್ನುವ ಕೋಷ್ಟಕ ಪುಸ್ತಕದಲ್ಲಿರುತ್ತದೆ. ಆ ಕೋಷ್ಟಕವೇ ಆಟದ ಜೀವ, ಜಗಳದ ಮೂಲವೂ ಅದೇ.

ನನ್ನ ಪುಸ್ತಕದಲ್ಲಿ ಕೋಷ್ಟಕ ಮೂರನೇ ಲೆವೆಲ್ಲಿನವರೆಗೆ ಮಾತ್ರ ಇತ್ತು. ಮುಂದಿನ ಮೂರು ಹಾಳೆ ಕಿತ್ತುಹೋಗಿತ್ತು. ದಿನವಿಡೀ ಪುಟಸಂಖ್ಯೆ ನೋಡುವವನು ಕೊಳ್ಳುವಾಗ ಅದನ್ನೇ ನೋಡಿರಲಿಲ್ಲ.

ಆಡಲು ಬಂದವರು ಮೂವರೂ ಪ್ರೆಸ್ಸಿನ ಗಿರಾಕಿಗಳು. ಒಬ್ಬರು ಎನ್.ಆರ್. ಕಾಲೋನಿಯ ನಿವೃತ್ತ ಗಣಿತದ ಮೇಡಂ, ಅವರ ಮನೆಯ ನಡುಮನೆಯಲ್ಲೇ ಆಟ. ಮೂವತ್ತು ವರ್ಷ ಶಿಸ್ತು ಕಲಿಸಿದ ಅವರು ಕಳ್ಳಿಯ ಪಾತ್ರ ಬೇಕೆಂದು ಕೇಳಿ ತೆಗೆದುಕೊಂಡರು. ಇನ್ನೊಬ್ಬರು ಸರ್ಕಾರದ ಯಾವುದೋ ಇಲಾಖೆಯ ಗುಮಾಸ್ತರು, ಅವರದು ಯೋಧ. ಮೂರನೆಯವರು ಕಲಾಸಿಪಾಳ್ಯದಲ್ಲಿ ತರಕಾರಿ ಮಂಡಿ ಇಟ್ಟಿದ್ದ ಯಜಮಾನರು, ಅವರದು ಮಂತ್ರವಾದಿ. ದಿನವೂ ಲಾರಿಗಟ್ಟಲೆ ಟೊಮೇಟೊ ಕೊಳೆಯುವುದನ್ನು ನೋಡಿದವರಿಗೆ ಕೈ ಎತ್ತಿದರೆ ಎದುರಿಗಿದ್ದದ್ದು ಸುಟ್ಟುಹೋಗುತ್ತದೆ ಅನ್ನುವುದು ತುಂಬ ಹಿಡಿಸಿತ್ತು.

ಆರು ತಿಂಗಳಾಗುವಷ್ಟರಲ್ಲಿ ಮೂವರೂ ನಾಲ್ಕನೇ ಲೆವೆಲ್ಲಿನ ಬಾಗಿಲಿಗೆ ಬಂದರು. ಹಾಳೆ ಇಲ್ಲ ಅಂದರೆ ಆಟ ಅಲ್ಲಿಗೇ ಮುಗಿಯುತ್ತಿತ್ತು. ನಾನು ಒಂಟಿ ಮನುಷ್ಯ. ಆರು ದಿನ ಬೇರೆಯವರ ಮದುವೆಪತ್ರಿಕೆ ತಿದ್ದಿ, ಏಳನೇ ದಿನ ಬಾಡಿಗೆ ಕೋಣೆಯ ಗೋಡೆ ನೋಡುತ್ತಿದ್ದವನು. ಆ ಭಾನುವಾರದ ಮೂರು ಗಂಟೆ ಹೋದರೆ ನನಗೆ ವಾರವೇ ಇರುತ್ತಿರಲಿಲ್ಲ. ಹೆದರಿಕೆಯಾಯಿತು. ಊಟದ ಬಿಡುವಿನಲ್ಲಿ ನಾನೇ ಒಂದು ಕೋಷ್ಟಕ ಬರೆದು, ನಾನೇ ಇಂಗ್ಲಿಷ್ ಅಚ್ಚುಮೊಳೆ ಜೋಡಿಸಿ, ಪ್ರೆಸ್ಸಿನ ಟ್ರೆಡಲ್ ಯಂತ್ರದ ಮೇಲೆ ಮೂರು ಹಾಳೆ ಒತ್ತಿಸಿದೆ. ಹೊಸ ಕಾಗದ ಬೆಳ್ಳಗೆ ಕಂಡಿತು. ಹಳೆಯದಾಗಿ ಕಾಣಲಿ ಎಂದು ಡಿಕಾಕ್ಷನ್ನಿನಲ್ಲಿ ಅದ್ದಿ ಒಣಗಿಸಿ ಪುಸ್ತಕಕ್ಕೆ ಅಂಟಿಸಿದೆ.

ಭಾನುವಾರ ಮೇಡಂ ಪುಸ್ತಕ ಕೈಗೆ ತೆಗೆದುಕೊಂಡು ಆ ಹಾಳೆ ತಿರುವಿದರು. ಮೂಗಿನ ಹತ್ತಿರ ಹಿಡಿದರು. ಕಾಫಿ ವಾಸನೆ ಅಂದರು. ಹಿಂದಿನ ಮಾಲೀಕ ಚೆಲ್ಲಿರಬೇಕು, ಇಂಗ್ಲೆಂಡಿನ ಪುಸ್ತಕ ಅಂದೆ. ಅವರು ಇನ್ನೊಮ್ಮೆ ಮೂಸಿ ನೋಡಿದರು.

"ಏನ್ರೀ, ಇಂಗ್ಲೆಂಡಲ್ಲಿ ಇಷ್ಟೊಂದು ಚಿಕೋರಿ ಹಾಕ್ತಾರಾ?"

ಹಿರಿತನ

ಡಿಕಾಕ್ಷನ್ನಿನಿಂದ ಪಾರಾದವನು ಅರ್ಜಿಗೆ ಸಿಕ್ಕಿಬಿದ್ದೆ. ಮಂಡಿಯವರ ಮಂತ್ರವಾದಿ ಒಂದೇ ಮಧ್ಯಾಹ್ನ ಎಂಟು ಕುಬ್ಜರನ್ನು ಸುಟ್ಟು ಎಲ್ಲರಿಗಿಂತ ಮೊದಲು ನಾಲ್ಕನೇ ಲೆವೆಲ್ಲಿಗೆ ಏರಿದ. ಮುಂದಿನ ವಾರ ಗುಮಾಸ್ತರು ಬಂದವರೇ ನನ್ನ ಮುಂದೆ ಒಂದು ಫುಲ್‌ಸ್ಕೇಪ್ ಹಾಳೆ ಇಟ್ಟರು. ಮೇಲೆ ವಿಷಯ, ಕೆಳಗೆ ಉಲ್ಲೇಖ, ಅದರ ಕೆಳಗೆ ಮಾನ್ಯರೆ. ತಮ್ಮ ಯೋಧನು ಸದರಿ ಮಂತ್ರವಾದಿಗಿಂತ ಮೂರು ವಾರ ಮೊದಲೇ ಆಟಕ್ಕೆ ಹಾಜರಾಗಿದ್ದು, ಕಿರಿಯನಿಗೆ ಮೊದಲು ಬಡ್ತಿ ನೀಡಿರುವುದು ನಿಯಮಬಾಹಿರವೆಂದು ಅದರ ಸಾರಾಂಶ.

ಬಡ್ತಿ ಅಲ್ಲ, ಅನುಭವದ ಅಂಕ ಸೇರಿದ್ದರಿಂದ ಏರಿದ್ದಾರೆ ಅಂದೆ. ಅನುಭವ ಅಂದರೆ ಸರ್ವಿಸ್ ತಾನೆ ಎಂದು ಅವರು ತಣ್ಣಗೆ ಕೇಳಿದರು. ಪುಸ್ತಕದಲ್ಲಿ ಏನು ಬರೆದಿದೆ ತೋರಿಸಿ ಅಂದರೆ ಏನು ಗತಿ ಎಂದು ಹೆದರಿ, ಹಾಜರಾತಿಗೂ ಅಂಕ ಉಂಟು, ಹಾಳೆಯಲ್ಲಿದೆ ಅಂದುಬಿಟ್ಟೆ. ಮರುದಿನ ಆ ಸಾಲನ್ನು ಸೇರಿಸಿ ಹಾಳೆಯನ್ನು ಮತ್ತೆ ಅಚ್ಚು ಹಾಕಿದೆ, ಮತ್ತೆ ಡಿಕಾಕ್ಷನ್ನಿನಲ್ಲಿ ಅದ್ದಿದೆ. ಅಂದಿನಿಂದ ಪುಸ್ತಕವನ್ನು ಯಾರ ಕೈಗೂ ಕೊಡದೆ ರಟ್ಟಿನ ಮರೆಯಲ್ಲಿಟ್ಟುಕೊಂಡು ಓದತೊಡಗಿದೆ.

ಆ ಸಾಲಿನ ಫಲ ಎರಡೇ ವಾರದಲ್ಲಿ ಕಂಡಿತು. ಉಳಿದಿಬ್ಬರು ಗುಹೆಯೊಳಗೆ ಪ್ರಾಣ ಒತ್ತೆಯಿಟ್ಟು ಹೊಡೆದಾಡುವಾಗ ಯೋಧ ಗುಹೆಯ ಬಾಗಿಲಲ್ಲಿ ಕಾವಲು ಕೂತಿರುತ್ತಿದ್ದ. ಒಳಗೆ ಬನ್ನಿ ಎಂದರೆ, ಹಾಜರಿದ್ದೀನಲ್ಲ ಸಾರ್ ಅನ್ನುತ್ತಿದ್ದರು. ಒಂದು ಭಾನುವಾರ ಅವರ ತಂಗಿ ಮಗಳ ಮದುವೆ, ಆಟಕ್ಕೆ ಬರಲಿಲ್ಲ. ಸದ್ಯ ಒಂದು ವಾರವಾದರೂ ಅಂಕ ಉಳಿಯಿತು ಅಂದುಕೊಂಡೆ. ಮರುವಾರ ಅವರು ಗಳಿಕೆ ರಜೆಯ ಅರ್ಜಿ ತಂದರು. ರಜೆಯಲ್ಲಿದ್ದರೂ ಸೇವೆ ಸೇವೆಯೇ ಎಂದು ಮೇಡಂ ಕೂಡ ಅವರ ಪರ ಮಾತಾಡಿದರು, ಅವರಿಗೂ ಪಿಂಚಣಿ ಬರುತ್ತಿತ್ತಲ್ಲ.

ಛತ್ರದಲ್ಲಿ ಒಬ್ಬಟ್ಟು ತಿನ್ನುತ್ತಲೇ ಐದನೇ ಲೆವೆಲ್ ಮುಟ್ಟಿದ ಯೋಧ ಜಗತ್ತಿನಲ್ಲಿ ಅವನೊಬ್ಬನೇ ಇರಬೇಕು.

ನಗರ್ತಪೇಟೆಯಲ್ಲಿ ಪರೀಕ್ಷೆ

ಈಗ ಮಂಡಿಯವರಿಗೆ ಅನುಮಾನ. ಕೂತಲ್ಲೇ ಲೆವೆಲ್ ಏರುವ ಮನುಷ್ಯನ ಕೈಯಲ್ಲಿ ದಾಳವೂ ಚೆನ್ನಾಗಿ ಬೀಳುತ್ತಿತ್ತು. ಗುಮಾಸ್ತರು ಹಾಕಿದರೆ ಹದಿನೆಂಟು, ಹತ್ತೊಂಬತ್ತು. ಮಂಡಿಯವರು ಹಾಕಿದರೆ ಎರಡು, ನಾಲ್ಕು. ಇರುವುದು ಎರಡೇ ದಾಳ, ಒಂದು ಕೆಂಪು, ಒಂದು ನೀಲಿ. ಗುಮಾಸ್ತರು ಯಾವಾಗಲೂ ಕೆಂಪನ್ನೇ ಎತ್ತಿಕೊಳ್ಳುತ್ತಿದ್ದರು.

ಒಂದು ಭಾನುವಾರ ಆಟ ಮುಗಿದ ಮೇಲೆ ಕೆಂಪು ದಾಳ ಕಾಣಲಿಲ್ಲ. ಗುಮಾಸ್ತರು ನನ್ನನ್ನು ನೋಡಿದರು, ನಾನು ಮೇಡಂ ಅವರನ್ನು ನೋಡಿದೆ, ಅವರು ಪಾತ್ರದಲ್ಲಿ ಕಳ್ಳಿ ಅನ್ನುವ ಕಾರಣಕ್ಕೆ. ಮುಂದಿನ ವಾರ ಮಂಡಿಯವರೇ ಅದನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟರು. ನಗರ್ತಪೇಟೆಯಲ್ಲಿ ತಮಗೆ ಗುರುತಿನ ಅಕ್ಕಸಾಲಿಗರೊಬ್ಬರಿದ್ದಾರೆ, ಅವರಿಗೆ ತೋರಿಸಿಕೊಂಡು ಬಂದೆ ಅಂದರು. ಒಂದು ಮಗ್ಗುಲು ಭಾರ ಇದೆಯೋ ನೋಡಲಿ ಎಂದು.

ಅಕ್ಕಸಾಲಿಗರು ಅದನ್ನು ಗಾಜಿನ ಪೆಟ್ಟಿಗೆಯ ತಕ್ಕಡಿಯಲ್ಲಿ ಗುಲಗಂಜಿಯಷ್ಟು ತಪ್ಪಿಲ್ಲದಂತೆ ತೂಗಿದರಂತೆ. ಭೂತಗನ್ನಡಿ ಹಾಕಿ ಇಪ್ಪತ್ತು ಮುಖವನ್ನೂ ನೋಡಿದರಂತೆ. ಕೊನೆಗೆ ಅಭ್ಯಾಸಬಲದಿಂದ ಒರೆಗಲ್ಲಿಗೂ ಉಜ್ಜಿದರಂತೆ. ಅದಕ್ಕೇ ಹತ್ತೊಂಬತ್ತರ ಮಗ್ಗುಲಲ್ಲಿ ಸಣ್ಣ ಗೀರು ಬಿದ್ದಿತ್ತು. ತೂಕದಲ್ಲಿ ಏನೂ ಮೋಸವಿಲ್ಲ ಎಂದು ಮಂಡಿಯವರು ಸ್ವಲ್ಪ ನಿರಾಸೆಯಿಂದಲೇ ಒಪ್ಪಿಕೊಂಡರು. ಮತ್ತೇನಂದರು ಎಂದು ಗುಮಾಸ್ತರು ಕೇಳಿದರು.

"ತೂಕ ಸರಿಯಾಗಿದೆ, ಆದ್ರೆ ಇದು ಹವಳ ಅಲ್ಲ, ಪ್ಲಾಸ್ಟಿಕ್ಕು. ಯಾರು ಸ್ವಾಮಿ ನಿಮ್ಗೆ ಹಿಂಗೆ ಟೋಪಿ ಹಾಕಿದ್ದು ಅಂದ್ರು."

ಮೂವರೂ ಒಟ್ಟಿಗೆ ನನ್ನ ಕಡೆ ತಿರುಗಿದರು.

ಟವೆಲಿನ ಕೆಳಗೆ

ದಾಳದಲ್ಲಿ ದೋಷವಿಲ್ಲ ಅಂದ ಮೇಲೆ ಮಂಡಿಯವರು ತಮ್ಮ ದಾರಿ ಹಿಡಿದರು. ಅವರ ತಂದೆಯ ಕಾಲದಿಂದ ಅವರಲ್ಲಿ ಒಂದು ರೂಢಿ. ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಕೊಡುವವನ ಕೈ, ಕೊಳ್ಳುವವನ ಕೈ ಎರಡರ ಮೇಲೂ ಟವೆಲ್ ಹಾಕಿ, ಒಳಗೆ ಬೆರಳು ಹಿಡಿದು ಹೇಳುವುದು. ಸುತ್ತ ನಿಂತವರಿಗೆ ಟವೆಲ್ ಅಲ್ಲಾಡುವುದು ಬಿಟ್ಟು ಬೇರೇನೂ ಕಾಣುವುದಿಲ್ಲ.

ಅವರ ಮಂತ್ರವಾದಿ ಐದನೇ ಲೆವೆಲ್ಲಿಗೆ ಏರುವ ದಿನ, ನಾನು ಪುಸ್ತಕ ತೆರೆಯುವ ಮೊದಲೇ ನನ್ನ ಬಲಗೈ ಮೇಲೆ ಅವರ ಟವೆಲ್ ಬಿತ್ತು. ಒಳಗಿನಿಂದ ಅವರ ಕೈ ಬಂದು ನನ್ನ ನಾಲ್ಕು ಬೆರಳು ಹಿಡಿಯಿತು. ಪೆಟ್ಟು ತಡೆಯುವ ಶಕ್ತಿಗೆ ನಮ್ಮಲ್ಲಿ ಪ್ರಾಣದ ಅಂಕ ಅಂತ ಹೆಸರು. ಮಂತ್ರವಾದಿಗೆ ಎಷ್ಟು ಪ್ರಾಣ ಹೆಚ್ಚುತ್ತದೆ ಎಂದು ಅವರು ಕೇಳುತ್ತಿದ್ದಾರೆ ಅನ್ನುವುದು ತಿಳಿಯಿತು, ಉತ್ತರ ಹೇಳುವ ಭಾಷೆ ತಿಳಿಯಲಿಲ್ಲ. ಹಿರಿಯರು ಕೈ ಹಿಡಿದಿದ್ದಾರಲ್ಲ ಎಂದು ಮರ್ಯಾದೆಗೆ ಅವರ ಅಂಗೈಯನ್ನು ಪೂರ್ತಿ ಹಿಡಿದು ಅದುಮಿದೆ. ಗಾಬರಿಯಲ್ಲಿ ಎರಡು ಸಲ ಅದುಮಿದೆ.

ಅವರ ಲೆಕ್ಕದಲ್ಲಿ ಪೂರ್ತಿ ಅಂಗೈ ಅಂದರೆ ಐದು. ಎರಡು ಸಲ ಅಂದರೆ ಹತ್ತು. ನನ್ನ ಕೋಷ್ಟಕದಲ್ಲಿ ಇದ್ದದ್ದು ಮೂರು. ಅವರು ನಾಲ್ಕು ಕೇಳಿದ್ದರು.

"ಟವೆಲ್ ಕೆಳಗೆ ಆದ ಮಾತು ವಾಪಸ್ ಹೋಗಲ್ಲ ಸ್ವಾಮಿ," ಎಂದು ಪಿಸುಗುಟ್ಟಿ, "ಅವರಿಬ್ಬರಿಗೂ ಹೇಳ್ಬೇಡಿ," ಅಂದರು. ಮಂಡಿಯಲ್ಲಿ ಹುಟ್ಟಿ ಬೆಳೆದ ದನಿ, ಪಿಸುಗುಟ್ಟಿದ್ದು ಅಡುಗೆಮನೆಯವರೆಗೂ ಕೇಳಿಸಿತು.

ಮುಂದಿನ ವಾರ ಗುಮಾಸ್ತರು ಅಂಗಡಿಯ ಚೀಟಿಯೂ ಕೀಳದ ಹೊಸ ಟವೆಲ್ ತಂದರು. ನನ್ನ ಕೈ ಮೇಲೆ ಹಾಸಿದರು. ಒಳಗೆ ಅವರ ಬೆರಳು ಬರಲಿಲ್ಲ, ನಾಲ್ಕು ಮಡಿಕೆಯ ಅರ್ಜಿ ಬಂತು. ಯೋಧನಿಗೂ ಹತ್ತು ಕೊಟ್ಟೆ, ಮೇಡಂ ಕಿವಿಗೆ ಬೀಳದಿರಲಿ ಎಂದು ಕೈಮುಗಿದೆ.

ಮೇಡಂ ಟವೆಲ್ ತರಲಿಲ್ಲ, ಅರ್ಜಿಯೂ ಬರೆಯಲಿಲ್ಲ. ನಾಲ್ಕು ಗಂಟೆಗೆ ಎಂದಿನಂತೆ ಕಾಫಿ ತಂದರು. ಉಳಿದಿಬ್ಬರು ಚಪ್ಪರಿಸಿ ಕುಡಿದರು, ನನ್ನ ಲೋಟದಲ್ಲಿ ಸಕ್ಕರೆ ಇರಲಿಲ್ಲ. ಮರೆತಿರಬೇಕು ಅಂದುಕೊಂಡೆ. ಮರುವಾರವೂ ಇರಲಿಲ್ಲ. ಮೂವತ್ತು ವರ್ಷ ಪಾಠ ಮಾಡಿದವರು ಏನನ್ನೂ ಸುಮ್ಮನೆ ಮರೆಯುವುದಿಲ್ಲ ಅನ್ನುವುದು ನನಗೆ ಮೂರನೇ ವಾರ ಹೊಳೆಯಿತು.

ಕಳ್ಳಿಗೂ ಹತ್ತು ಪ್ರಾಣ ಕೊಟ್ಟೆ. ಆ ವಾರ ಕಾಫಿ ಪಾಯಸದಂತಿತ್ತು.

ಬೀಗ

ಮೇಡಂ ಮನೆಯ ಕಿಟಕಿಗೂ ಪಕ್ಕದ ಮನೆಯ ಅಡುಗೆಮನೆಗೂ ನಡುವೆ ಇದ್ದದ್ದು ಒಂದು ಮೊಳ ಜಾಗ. ಪಕ್ಕದ ಮನೆಯಾಕೆ ಭಾನುವಾರ ಮಧ್ಯಾಹ್ನ ಮಲಗುವುದನ್ನು ಬಿಟ್ಟು ಪಾತ್ರೆ ತೊಳೆಯುವ ನೆಪದಲ್ಲಿ ನಮ್ಮ ಮಾತು ಕೇಳುತ್ತಿದ್ದಾರೆ ಎಂದು ನನಗೆ ಅನುಮಾನವಿತ್ತು. ಪಾತ್ರೆ ಇಷ್ಟು ಹೊತ್ತು ತೊಳೆದರೆ ಸವೆದುಹೋಗಬೇಕಿತ್ತು.

ಒಂದು ದಿನ ಆಟದ ಮಧ್ಯೆ ಆಕೆಯೇ ಬಾಗಿಲಿಗೆ ಬಂದರು. ಕೈಯಲ್ಲಿ ಏನೋ ಸೆರಗಿನ ಮರೆಯಲ್ಲಿತ್ತು. ಮಂಡಿಯವರು ದಾಳಗಳನ್ನು ಟವೆಲಿನಿಂದ ಮುಚ್ಚಿದರು. ಇಸ್ಪೀಟು ಅಂದುಕೊಂಡು ಪೊಲೀಸರಿಗೆ ಹೇಳಿದ್ದಾರೋ ಎಂದು ಗುಮಾಸ್ತರಿಗೆ ನೌಕರಿಯ ಚಿಂತೆ ಹತ್ತಿತು. ಆಕೆ ನಮ್ಮ ಮೂವರ ಕಡೆ ನೋಡಲೇ ಇಲ್ಲ, ನೇರ ಮೇಡಂ ಹತ್ತಿರ ಹೋಗಿ ಸೆರಗು ಸರಿಸಿದರು. ಒಂದು ಹಳೇ ಪುಟ್ಟ ಟ್ರಂಕಿನ ಬೀಗ, ಟ್ರಂಕಿನ ಸಮೇತ. ಕೀಲಿ ಎರಡು ತಿಂಗಳಿಂದ ಸಿಕ್ಕಿಲ್ಲವಂತೆ.

"ನಿಮ್ದು ಐದನೇ ಲೆವೆಲ್ ಆಯ್ತಂತಲ್ಲ ಮೇಡಂ," ಅಂದರು ಆಕೆ, "ಇದೊಂದು ತೆಗೆದ್ಕೊಡಿ."

ಇದು ಬರೀ ಆಟ ಎಂದು ನಾನು ಬಿಡಿಸಿ ಹೇಳತೊಡಗಿದೆ. ಮೇಡಂ ನನ್ನನ್ನು ಕೈಸನ್ನೆಯಿಂದ ಸುಮ್ಮನಾಗಿಸಿದರು. ತುರುಬಿನಿಂದ ಒಂದು ಹೇರ್‌ಪಿನ್ ತೆಗೆದರು. ಕನ್ನಡಕ ಮೇಲೆ ಸರಿಸಿ, ಬೀಗದ ಬಾಯಿಗೆ ಪಿನ್ನು ಹಾಕಿ, ಎರಡು ಸಲ ತಿರುವಿದರು. ಬೀಗ ಕಟಕ್ಕೆಂದು ಬಿಟ್ಟುಕೊಂಡಿತು. ಪಕ್ಕದ ಮನೆಯಾಕೆ ಕೈಮುಗಿದು ಹೋದರು.

ಗುಮಾಸ್ತರು ತಮ್ಮ ಬ್ಯಾಗನ್ನು ಕುರ್ಚಿಯ ಪಕ್ಕದಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡರು.

ರಾಕ್ಷಸನ ಅಣ್ಣ

ಮೂವರಿಗೂ ಬೇಕಾದಷ್ಟು ಕೊಟ್ಟು ಕೊಟ್ಟು ಇನ್ನೊಂದು ತೊಂದರೆ ಶುರುವಾಯಿತು. ಆರನೇ ಲೆವೆಲ್ಲಿಗೆ ಬರುವಷ್ಟರಲ್ಲಿ ಯಾವ ರಾಕ್ಷಸನೂ ಅವರ ಮುಂದೆ ನಿಲ್ಲುತ್ತಿರಲಿಲ್ಲ. ವಾರವೆಲ್ಲ ಕೂತು ನಾನು ಕಟ್ಟಿದ ಕೋಟೆಯನ್ನು ಮೂರು ಗಂಟೆ ಐದು ನಿಮಿಷಕ್ಕೆ ಮುಗಿಸಿ, ಮೂವರೂ ಆಕಳಿಸುತ್ತಾ ಗೋಡೆ ಗಡಿಯಾರ ನೋಡತೊಡಗಿದರು. ಆ ಆಕಳಿಕೆಗಳನ್ನು ನಾನು ಎಣಿಸತೊಡಗಿದೆ. ಬೇಜಾರಾದ ಜನ ಮುಂದಿನ ವಾರ ಬರುವುದಿಲ್ಲ.

ಕೊಟ್ಟದ್ದನ್ನು ಕಿತ್ತುಕೊಳ್ಳುವ ಧೈರ್ಯ ನನಗಿರಲಿಲ್ಲ. ಹಾಗಾಗಿ ರಾಕ್ಷಸರಿಗೂ ಕೊಟ್ಟೆ. ಇವರ ಪೆಟ್ಟು ಎಷ್ಟು ಹೆಚ್ಚಿತೋ ಅವರ ಪ್ರಾಣವೂ ಅಷ್ಟೇ ಹೆಚ್ಚಿತು. ಗುಟ್ಟಾಗಿ, ಡಿಕಾಕ್ಷನ್ ಸಮೇತ.

ಗುಮಾಸ್ತರು ಮೊದಲ ವಾರವೇ ಹಿಡಿದರು. ಹೋದ ತಿಂಗಳು ಇದೇ ಸೇತುವೆಯ ರಾಕ್ಷಸ ಒಂದು ಪೆಟ್ಟಿಗೆ ಬಿದ್ದಿದ್ದ, ಈಗ ಮೂರು ಹೊಡೆದರೂ ನಿಂತಿದ್ದಾನಲ್ಲ ಅಂದರು. ಅವನು ಸತ್ತ, ಇವನು ಅವನ ಅಣ್ಣ ಅಂದೆ. ಬಾಯಿಗೆ ಬಂದದ್ದು ಅದು. ಎರಡು ತಿಂಗಳಿಗೆ ಇನ್ನೂ ದೊಡ್ಡವನು ಬಂದಾಗ, ಇವನು ಹಿರಿಯಣ್ಣ ಅಂದೆ. ಮೇಡಂ ತಮ್ಮ ನೋಟ್‌ಬುಕ್ಕಿನಲ್ಲಿ ಆ ಮನೆತನದ ವಂಶವೃಕ್ಷ ಬರೆದಿಡತೊಡಗಿದರು. ವರ್ಷ ಮುಗಿಯುವಾಗ ಹನ್ನೊಂದು ಜನ ಅಣ್ಣತಮ್ಮಂದಿರಾಗಿದ್ದರು, ಎಲ್ಲರೂ ಒಂದೇ ಸೇತುವೆಯ ಕೆಳಗೆ.

ಗುಮಾಸ್ತರು ಆ ವಂಶವೃಕ್ಷವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಗಂಭೀರವಾಗಿ ಕೇಳಿದರು.

"ಏನ್ ಸಾರ್, ಇವ್ರದ್ದೆಲ್ಲ ಅನುಕಂಪದ ಆಧಾರದ ನೇಮಕಾತಿನಾ?"

ಕಾಟನ್‌ಪೇಟೆಯ ಪುಸ್ತಕ

ನಾವು ಹತ್ತನೇ ಲೆವೆಲ್ಲಿಗೆ ಬರುವಾಗ ಇಸವಿ ಎರಡು ಸಾವಿರ ದಾಟಿತ್ತು. ಒಂದು ಭಾನುವಾರ ಮಂಡಿಯವರು ಕಂಕುಳಲ್ಲಿ ಪೇಪರಿನಲ್ಲಿ ಸುತ್ತಿದ ಒಂದು ಕಟ್ಟು ಹಿಡಿದು ಬಂದರು. ತರಕಾರಿ ಬುಟ್ಟಿಗೆ ಹಾಸಲು ಅವರು ಕಾಟನ್‌ಪೇಟೆಯ ರದ್ದಿ ಗೋಡೌನಿನಿಂದ ಹಳೇ ಕಾಗದ ತರಿಸುತ್ತಿದ್ದರು. ಆ ರಾಶಿಯಲ್ಲಿ ಇದು ಸಿಕ್ಕಿತು ಎಂದು ಪೇಪರು ಬಿಚ್ಚಿದರು. ನನ್ನದೇ ಪುಸ್ತಕ. ಅದೇ ರಕ್ಷಾಪುಟ, ಅದೇ ಮುದ್ರಣ. ಪುಟಸಂಖ್ಯೆ ಎಲ್ಲೂ ತಪ್ಪಿರಲಿಲ್ಲ.

ಪ್ರೆಸ್ಸಿನಲ್ಲಿ ತಪ್ಪು ಬಿಟ್ಟರೆ ಒಂದು ತಿದ್ದುಪಡಿ ಹಾಕಿ ಮುಗಿಸಬಹುದು. ಇಲ್ಲಿ ತಿದ್ದುಪಡಿಗೆ ಜಾಗವಿರಲಿಲ್ಲ. ಸುಳ್ಳುಗಾರ ಎಂದು ಇವರು ನನ್ನನ್ನು ಎಬ್ಬಿಸಿದರೆ ಮುಂದಿನ ಭಾನುವಾರ ನಾನು ಎಲ್ಲಿಗೆ ಹೋಗಲಿ ಅನ್ನುವುದೊಂದೇ ತಲೆಯಲ್ಲಿತ್ತು.

ನನ್ನ ಪುಸ್ತಕವನ್ನೂ ಕೊಡಲು ಹೇಳಿದರು. ಕೊಟ್ಟೆ. ಮೇಡಂ ಎರಡನ್ನೂ ಅಕ್ಕಪಕ್ಕ ತೆರೆದಿಟ್ಟರು. ಮೂವರೂ ಬಗ್ಗಿ ತಮ್ಮ ತಮ್ಮ ಪಾತ್ರದ ಸಾಲಿನ ಮೇಲೆ ಬೆರಳಿಟ್ಟು ಓದಿದರು. ಅಸಲಿ ಪುಸ್ತಕದಲ್ಲಿ ಮೂವರಿಗೂ ನಾನು ಕೊಟ್ಟದ್ದರ ಅರ್ಧವೂ ಇರಲಿಲ್ಲ.

ಕೈತೊಳೆಯಲು ಹೋದೆ. ಮಂಡಿಯವರು ಹಿಂದೆಯೇ ಬಂದರು. ನಲ್ಲಿ ಜೋರಾಗಿ ತಿರುವಿ, ಇಷ್ಟು ವರ್ಷ ನೀವು ಉಳಿದವರ ಪರ ಅಂದುಕೊಂಡಿದ್ದೆ, ನನಗೊಬ್ಬನಿಗೇ ಪುಸ್ತಕ ಮೀರಿ ಕೊಟ್ಟಿದ್ದೀರಿ ಅನ್ನುವುದು ಇವತ್ತು ಗೊತ್ತಾಯಿತು, ಇದು ನಮ್ಮಿಬ್ಬರಲ್ಲೇ ಇರಲಿ ಅಂದರು. ಅವರು ಹೋದ ಮೇಲೆ ಗುಮಾಸ್ತರು ಬಂದರು, ಅದೇ ಮಾತು ಹೇಳಿದರು, ನಲ್ಲಿ ಮಾತ್ರ ಇನ್ನೂ ಸ್ವಲ್ಪ ಜೋರಾಗಿ ತಿರುವಿದರು.

ಮೇಡಂ ಬರಲಿಲ್ಲ. ನಾನು ಹಿಂದಿರುಗಿದಾಗ ಅವರು ತಮ್ಮ ಹಳೇ ನೋಟ್‌ಬುಕ್ಕುಗಳನ್ನೆಲ್ಲ ತಂದು ಲೆಕ್ಕ ಮಾಡುತ್ತಿದ್ದರು. ಪೆನ್ಸಿಲ್ ಕೆಳಗಿಟ್ಟು ಪಾಠ ಮಾಡುವ ದನಿಯಲ್ಲಿ ಶುರುಮಾಡಿದರು. ಮೊದಲನೇ ವರ್ಷ ರಾಕ್ಷಸನಿಗೆ ಹನ್ನೆರಡು ಪ್ರಾಣ ಇತ್ತು, ಯೋಧನ ಒಂದು ಪೆಟ್ಟಿಗೆ ನಾಲ್ಕು ಹೋಗುತ್ತಿತ್ತು, ಮೂರು ಪೆಟ್ಟಿಗೆ ಸತ್ತ. ಹೋದ ವಾರದ ರಾಕ್ಷಸನಿಗೆ ನೂರ ಇಪ್ಪತ್ತು ಪ್ರಾಣ, ಯೋಧನ ಪೆಟ್ಟಿಗೆ ನಲವತ್ತು, ಅವನೂ ಮೂರೇ ಪೆಟ್ಟಿಗೆ ಸತ್ತ. ಅಸಲಿ ಪುಸ್ತಕದ ಪ್ರಕಾರ ಹೋಗಿದ್ದರೆ ಆ ಹಳೇ ರಾಕ್ಷಸನನ್ನು ಈ ಹೊತ್ತಿಗೆ ಒಂದೇ ಪೆಟ್ಟಿಗೆ ಮಲಗಿಸುತ್ತಿದ್ದೆವು.

"ಅಂದ್ರೆ," ಎಂದು ಕನ್ನಡಕ ತೆಗೆದರು, "ಇಷ್ಟು ವರ್ಷ ಲೆವೆಲ್ ಏರಿ ಏರಿ ನಾವು ಇದ್ದಲ್ಲೇ ಇದೀವಿ."

ಮುಗಿಯಿತು ಅಂದುಕೊಂಡೆ. ಮಂಡಿಯವರು ಟವೆಲ್ ಹೆಗಲಿಂದ ತೆಗೆದು ಮುಖ ಒರೆಸಿಕೊಂಡರು. ಗುಮಾಸ್ತರು ಕಣ್ಣು ಮುಚ್ಚಿ ಯೋಚಿಸಿದರು. ಆಮೇಲೆ ಅಸಲಿ ಪುಸ್ತಕವನ್ನು ಒಂದೇ ಬೆರಳಿನಿಂದ ಆಚೆ ತಳ್ಳಿದರು.

"ಇದು ನಕಲಿ," ಅಂದರು. "ನಾನು ಸರ್ವಿಸ್‌ಗೆ ಸೇರ್ದಾಗ ಮೇಜಿನ ಮೇಲೆ ನಲವತ್ತು ಫೈಲಿತ್ತು. ಮೂರು ಪ್ರಮೋಷನ್ ಆಯ್ತು, ಈಗ ನಾನೂರಿದೆ. ಬಡ್ತಿ ಅಂದ್ರೆ ಇದೇ. ಸಾರ್ ಪುಸ್ತಕದಲ್ಲಿರೋದು ಅನುಭವಸ್ಥರು ಬರೆದಿರೋದು. ಇದನ್ನ ಯಾರೋ ಒಂದಿನಾನೂ ಕೆಲಸ ಮಾಡ್ದೇ ಇರೋನು ಬರೆದಿದಾನೆ."

ಮಂಡಿಯವರು ತಕ್ಷಣ ಒಪ್ಪಿದರು. ಒಂದು ಲಾರಿ ಇದ್ದಾಗ ಎಷ್ಟು ನಿದ್ದೆಗೆಟ್ಟಿದ್ದರೋ ಆರು ಲಾರಿ ಇದ್ದಾಗಲೂ ಅಷ್ಟೇ ನಿದ್ದೆಗೆಟ್ಟಿದ್ದರಂತೆ. ಮೇಡಂ ಕೂಡ, ಮಕ್ಕಳು ಹತ್ತನೇ ಕ್ಲಾಸಿಗೆ ಬಂದರೂ ಗಣಿತ ಅಷ್ಟೇ ಕಷ್ಟ ಅನ್ನುತ್ತಿದ್ದರು ಎಂದು ನೆನೆಸಿಕೊಂಡು ತಲೆಯಾಡಿಸಿದರು. ರದ್ದಿಯಲ್ಲಿ ಸಿಕ್ಕ ಪುಸ್ತಕವನ್ನು ರದ್ದಿಗೇ ಕಳಿಸುವುದೆಂದು ತೀರ್ಮಾನವಾಯಿತು.

ನನಗೆ ಕಣ್ಣು ತುಂಬಿ ಬಂತು. ಇಷ್ಟು ಒಳ್ಳೆಯ ಜನಕ್ಕೆ ಇನ್ನು ಸುಳ್ಳು ಹೇಳಬಾರದು ಅನಿಸಿತು. ಎದ್ದು ನಿಂತು ಎಲ್ಲವನ್ನೂ ಹೇಳಿಬಿಟ್ಟೆ. ಕಿತ್ತುಹೋದ ಹಾಳೆ, ಟ್ರೆಡಲ್, ಡಿಕಾಕ್ಷನ್, ಒಂದನ್ನೂ ಬಿಡಲಿಲ್ಲ. ಆ ಕೋಷ್ಟಕ ಬರೆದವನು ನಾನೇ ಅಂದೆ.

ಮೂವರೂ ನನ್ನನ್ನು ನೋಡಿದರು. ಅಷ್ಟು ವರ್ಷದಲ್ಲಿ ಅಂಥ ಅನುಮಾನದ ನೋಟವನ್ನು ನಾನು ಕಂಡಿರಲಿಲ್ಲ. ನೀವೇ ಬರೆದದ್ದಾ ಎಂದು ಮಂಡಿಯವರು ಇನ್ನೊಮ್ಮೆ ಕೇಳಿದರು. ಹಾಳೆ ತೋರಿಸಿ ಲೆಕ್ಕ ಎಲ್ಲಿ ಮಾಡಿದಿರಿ ಎಂದು ಮೇಡಂ ಕೇಳಿದರು. ಮದುವೆಪತ್ರಿಕೆಯ ಹಿಂಭಾಗದಲ್ಲಿ ಮಾಡಿ ಹರಿದುಹಾಕಿದೆ ಅಂದೆ, ಅವರು ಗುಮಾಸ್ತರ ಕಡೆ ನೋಡಿದರು. ಗುಮಾಸ್ತರು ಚಪ್ಪಲಿ ಮೆಟ್ಟಿ ಹೋದರು. ಆ ವಾರ ನಾನು ಏನನ್ನು ತಿದ್ದಿದೆನೋ ನನಗೇ ಗೊತ್ತಿಲ್ಲ.

ಮುಂದಿನ ಭಾನುವಾರ ಮೂರು ಗಂಟೆಗೆ ಸರಿಯಾಗಿ ಹೋದೆ. ನನ್ನ ಕುರ್ಚಿ ಇದ್ದಲ್ಲೇ ಇತ್ತು. ಅದರ ಮುಂದೆ ಮೇಜಿನ ಮೇಲೆ ಒಂದು ಫುಲ್‌ಸ್ಕೇಪ್ ಹಾಳೆ ಇತ್ತು, ಕೆಳಗೆ ಮೂವರದೂ ಸಹಿ. ಕಾರಣ ಕೇಳಿ ನೋಟಿಸು. ಅನುಭವಸ್ಥರು ರಚಿಸಿರುವ ಕೋಷ್ಟಕವನ್ನು ತಾವೇ ರಚಿಸಿದ್ದಾಗಿ ಸುಳ್ಳು ಹೇಳಿ ಅನ್ಯರ ಕೀರ್ತಿಯನ್ನು ಕಬಳಿಸಲು ಯತ್ನಿಸಿರುವ ತಮ್ಮ ಮೇಲೆ ಏಕೆ ಕ್ರಮ ಕೈಗೊಳ್ಳಬಾರದು ಎಂಬ ಬಗ್ಗೆ ಏಳು ದಿನಗಳೊಳಗೆ ಲಿಖಿತ ಸಮಜಾಯಿಷಿ ನೀಡತಕ್ಕದ್ದು. ಸದರಿ ಸಮಜಾಯಿಷಿ ಬಂದು ಪ್ರಕರಣ ಇತ್ಯರ್ಥವಾಗುವವರೆಗೆ ತಾವು ಪ್ರತಿ ಭಾನುವಾರ ಎಂದಿನಂತೆ ಹಾಜರಾಗಿ ಆಟ ನಡೆಸತಕ್ಕದ್ದು.

ನಾನು ಇವತ್ತಿನವರೆಗೂ ಸಮಜಾಯಿಷಿ ಕೊಟ್ಟಿಲ್ಲ.